ಹಳಿಯಿಂದ ಹುಟ್ಟಿದ ಊರುಗಳು: ಅಮೆರಿಕದ ರೈಲು ವಿಲೀನ ಧಾನ್ಯದ ಪಟ್ಟಣಗಳಿಗೆ ಏಕೆ ಚಿಂತೆಯಾಗಿದೆ?

ಅಮೆರಿಕದ ಎರಡು ದೊಡ್ಡ ರೈಲು ಕಂಪನಿಗಳಾದ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ತಾವು ಒಂದಾಗುವುದಾಗಿ 2025ರ ಜುಲೈ 29ರಂದು ಪ್ರಕಟಿಸಿದವು. ಒಪ್ಪಂದದ ಮೊತ್ತ ಸುಮಾರು 8,500 ಕೋಟಿ ಡಾಲರ್. ಇದಕ್ಕೆ ಒಪ್ಪಿಗೆ ಕೊಡಬೇಕಾದ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ನಿಯಂತ್ರಣ ಮಂಡಳಿಯು 2026ರ ಜನವರಿಯಲ್ಲಿ ಅರ್ಜಿಯನ್ನು ಹಿಂದಿರುಗಿಸಿದಾಗ ವಿಲೀನವೇ ಮುರಿದುಬಿತ್ತೆಂದು ಹಲವರು ತಿಳಿದರು. ಆದದ್ದು ಅದಲ್ಲ. ಅರ್ಜಿಯಲ್ಲಿ ಇರಬೇಕಾದ ಮಾಹಿತಿ ಪೂರ್ತಿಯಾಗಿಲ್ಲ ಎಂದಷ್ಟೇ ಮಂಡಳಿ ಹೇಳಿತು. ವಿಲೀನದ ಒಳಿತು ಕೆಡುಕುಗಳನ್ನು ಅದು ಆಗ ತೂಗಿ ನೋಡಿರಲಿಲ್ಲ, ತಿದ್ದಿದ ಅರ್ಜಿಯನ್ನು ಮತ್ತೆ ಸಲ್ಲಿಸುವ ಅವಕಾಶವನ್ನೂ ತೆರೆದಿಟ್ಟಿತ್ತು.

ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಯೂನಿಯನ್ ಪೆಸಿಫಿಕ್ ಜಾಲ ಬಹುಮಟ್ಟಿಗೆ ಮಿಸಿಸಿಪಿ ನದಿಯ ಪಶ್ಚಿಮದಲ್ಲಿದೆ, ನಾರ್ಫೋಕ್ ಸದರ್ನ್ ಜಾಲ ಪೂರ್ವದಲ್ಲಿದೆ. ನೆಬ್ರಾಸ್ಕ ಅಥವಾ ಪಶ್ಚಿಮ ಕನ್ಸಾಸ್‌ನ ಒಂದು ಸಣ್ಣ ಊರಿನಲ್ಲಿ ನಿನ್ನೆ ಯೂನಿಯನ್ ಪೆಸಿಫಿಕ್ ಒಂದೇ ಇತ್ತು, ನಾಳೆಯೂ ಒಂದೇ ಇರುತ್ತದೆ. ಹಾಗಿರುವಾಗ ಅಲ್ಲಿನ ರೈತರೂ ಧಾನ್ಯ ವ್ಯಾಪಾರಿಗಳೂ ಈ ಸುದ್ದಿಯಿಂದ ಕಳವಳಗೊಂಡಿರುವುದೇಕೆ? ಇದನ್ನು ಅರಿಯಲು ಆ ಊರುಗಳು ಹುಟ್ಟಿದ ಬಗೆಯನ್ನೂ, ಅಲ್ಲಿನ ಬೆಳೆಗೆ ಬೆಲೆ ಕಟ್ಟುವ ಬಗೆಯನ್ನೂ ನೋಡಬೇಕಾಗುತ್ತದೆ.

ಮೊದಲು ಹಳಿ, ಆಮೇಲೆ ಊರು

ಅಮೆರಿಕದ ನಡುಬಯಲಿನಲ್ಲಿ ಊರುಗಳನ್ನು ಹುಡುಕಿಕೊಂಡು ರೈಲು ಬರಲಿಲ್ಲ, ರೈಲಿನ ಹಿಂದೆ ಊರುಗಳು ಬಂದವು. 1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಎರಡು ಕಾಯಿದೆಗಳು ಇದಕ್ಕೆ ಬುನಾದಿ. ಹೋಮ್‌ಸ್ಟೆಡ್ ಕಾಯಿದೆ, ನೆಲೆ ನಿಂತು ಉಳುಮೆ ಮಾಡುವವರಿಗೆ 160 ಎಕರೆ ಕೊಟ್ಟಿತು. ಪೆಸಿಫಿಕ್ ರೈಲ್ವೆ ಕಾಯಿದೆಯು ಯೂನಿಯನ್ ಪೆಸಿಫಿಕ್ ಕಂಪನಿಯನ್ನೇ ಹುಟ್ಟುಹಾಕಿ, ಅದು ಹಾಕುವ ಪ್ರತಿ ಮೈಲಿ ಹಳಿಗೆ ಹತ್ತು ಚದರ ಮೈಲಿ ಸರ್ಕಾರಿ ಭೂಮಿಯನ್ನು ಕೊಟ್ಟಿತು, 1864ರಲ್ಲಿ ಆ ಪ್ರಮಾಣವನ್ನು ಇಪ್ಪತ್ತಕ್ಕೆ ಏರಿಸಲಾಯಿತು. ದೇಶದಾದ್ಯಂತ ರೈಲು ಕಂಪನಿಗಳಿಗೆ ಹೀಗೆ ಸಂದ ಕೇಂದ್ರ ಸರ್ಕಾರದ ಭೂಮಿ ಸುಮಾರು 13 ಕೋಟಿ ಎಕರೆ. ಸರ್ಕಾರಿ ಎಂದು ಲೆಕ್ಕ ಹಿಡಿದ ಈ ನೆಲ ಪಾನೀ, ಷೈಯೆನ್, ಲಕೋಟಾ ಮೊದಲಾದ ಮೂಲನಿವಾಸಿ ಜನರಿಂದ ಕಸಿದುಕೊಂಡದ್ದು ಎಂಬುದನ್ನು ಬಿಟ್ಟು ಈ ಚರಿತ್ರೆಯನ್ನು ಹೇಳಲಾಗದು.

ಭೂಮಿ ಸಿಕ್ಕಿತು, ಹಳಿಯೂ ಬಿತ್ತು. ಆದರೆ ಸಾಗಿಸಲು ಸರಕಿಲ್ಲದ ಹಳಿಯಿಂದ ಕಂಪನಿಗೆ ಲಾಭವಿಲ್ಲ. ಆದ್ದರಿಂದ ಕಂಪನಿಗಳು ಸಾಲದ ಮೇಲೆ ಭೂಮಿ ಮಾರಿದವು, ಯುರೋಪಿನಲ್ಲಿ ಜಾಹೀರಾತು ಕೊಟ್ಟು ಒಕ್ಕಲುಗಳನ್ನು ಕರೆತಂದವು. 1874ರಲ್ಲಿ ರಷ್ಯಾದಿಂದ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಸಾಂಟಾ ಫೆ ರೈಲ್ವೆಯ ಭೂಮಿ ಕೊಂಡು ಕನ್ಸಾಸ್‌ನಲ್ಲಿ ನೆಲೆಸಿದವು. ಅವರು ಜೊತೆಗೆ ತಂದ ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ಮುಂದೆ ಆ ರಾಜ್ಯದ ಮುಖ್ಯ ಬೆಳೆಯಾಗಿ ಬೆಳೆಯಿತು.

ಊರಿನ ಜಾಗ, ಬೀದಿಯ ಅಗಲ, ನಿವೇಶನದ ಗಾತ್ರ, ಎಷ್ಟೋ ಕಡೆ ಊರಿನ ಹೆಸರು ಕೂಡ ಕಂಪನಿಯ ಕಚೇರಿಯಲ್ಲಿ ತೀರ್ಮಾನವಾದವು. ನೆಬ್ರಾಸ್ಕದಲ್ಲಿ ಬರ್ಲಿಂಗ್ಟನ್ ಕಂಪನಿ ಹಾಕಿದ ಮಾರ್ಗದ ಮೇಲೆ ಪಶ್ಚಿಮಕ್ಕೆ ಹೊರಟರೆ ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್ ಹೀಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಊರುಗಳು ಸಿಗುತ್ತವೆ. ಅವುಗಳ ನಡುವಿನ ಅಂತರಕ್ಕೂ ಒಂದು ಲೆಕ್ಕವಿತ್ತು. ರೈತ ಧಾನ್ಯ ತುಂಬಿದ ಕುದುರೆ ಗಾಡಿಯಲ್ಲಿ ಬೆಳಿಗ್ಗೆ ಹೊರಟು, ಮಾರಿ, ಕತ್ತಲಾಗುವ ಮುನ್ನ ಮನೆ ಸೇರಬೇಕಿತ್ತು. ಹಬೆ ಎಂಜಿನ್ನಿಗೂ ಅಲ್ಲಲ್ಲಿ ನೀರು ತುಂಬಿಸಬೇಕಿತ್ತು. ಹಾಗಾಗಿ ಸಾಮಾನ್ಯವಾಗಿ ಏಳರಿಂದ ಹತ್ತು ಮೈಲಿಗೊಂದು ನಿಲ್ದಾಣ, ನಿಲ್ದಾಣಕ್ಕೊಂದು ಊರು. ಹಳಿಗೆ ಲಂಬವಾಗಿ ಮುಖ್ಯ ಬೀದಿ, ಹಳಿಯ ಪಕ್ಕದಲ್ಲಿ ಧಾನ್ಯವನ್ನು ಯಂತ್ರದಿಂದ ಮೇಲೆತ್ತಿ ತುಂಬಿಡುವ ಗೋಪುರದಂಥ ಉಗ್ರಾಣ. ಇದನ್ನು ಅಲ್ಲಿ ಎಲಿವೇಟರ್ ಎನ್ನುತ್ತಾರೆ. ಊರಿನ ವ್ಯಾಪಾರವೆಲ್ಲ ಇದರ ಸುತ್ತಲೇ ಕಟ್ಟಿಕೊಂಡಿತು.

ಕುದುರೆಯ ನಡಿಗೆಗೆ ತಕ್ಕಂತೆ ಅಳೆದಿಟ್ಟ ಈ ಅಂತರ ಲಾರಿಯ ಕಾಲಕ್ಕೆ ತೀರ ಹತ್ತಿರದ್ದಾಯಿತು. ಲಾರಿಗೆ ಹತ್ತು ಮೈಲಿಯೂ ಒಂದೇ, ನಲವತ್ತು ಮೈಲಿಯೂ ಹೆಚ್ಚು ಕಡಿಮೆ ಒಂದೇ. ಇಂಥ ಬಹಳಷ್ಟು ಊರುಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಜನಸಂಖ್ಯೆಯ ಉತ್ತುಂಗ ಮುಟ್ಟಿ ಅಲ್ಲಿಂದಾಚೆ ಕ್ಷೀಣಿಸುತ್ತ ಬಂದುದಕ್ಕೆ ಇದೂ ಒಂದು ಕಾರಣ. ಟ್ರ್ಯಾಕ್ಟರು ಬಂದು ಜಮೀನಿನಲ್ಲಿ ಆಳಿನ ಅಗತ್ಯ ಕುಗ್ಗಿದ್ದು, ಹಿಡುವಳಿಗಳು ದೊಡ್ಡದಾಗುತ್ತ ಹೋದದ್ದು ಅಷ್ಟೇ ಬಲವಾದ ಕಾರಣಗಳು. ಊರು ಸೊರಗಿದ್ದಕ್ಕೆಲ್ಲ ರೈಲು ಕಂಪನಿಯನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಸಾಗಣೆಯ ವೆಚ್ಚ ಬೀಳುವುದು ಯಾರ ಮೇಲೆ?

ಕಾರ್ಖಾನೆಯ ಮಾಲೀಕ ಸಾಗಣೆ ದರ ಏರಿದರೆ ಅದರ ಒಂದು ಪಾಲನ್ನಾದರೂ ಸರಕಿನ ಬೆಲೆಗೆ ಸೇರಿಸಿ ಕೊಳ್ಳುವವನಿಗೆ ದಾಟಿಸುತ್ತಾನೆ. ಧಾನ್ಯ ಬೆಳೆಯುವವನಿಗೆ ಆ ದಾರಿಯಿಲ್ಲ. ಮೆಕ್ಕೆಜೋಳ, ಸೋಯಾ, ಗೋಧಿಗಳ ಮೂಲ ಬೆಲೆ ಷಿಕಾಗೊದಂಥ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವ ಮಾರುಕಟ್ಟೆ), ಜಗತ್ತಿನ ಬೇಡಿಕೆ ಪೂರೈಕೆಗಳ ಮೇಲೆ ನಿಲ್ಲುತ್ತದೆ. ಊರಿನ ಎಲಿವೇಟರ್ ಆ ಬೆಲೆಯಿಂದ ಸಾಗಣೆ ವೆಚ್ಚವನ್ನೂ ತನ್ನ ಖರ್ಚು ಲಾಭಗಳನ್ನೂ ಕಳೆದು ಉಳಿದದ್ದನ್ನು ರೈತನ ಮುಂದಿಡುತ್ತದೆ. ಈ ವ್ಯತ್ಯಾಸಕ್ಕೆ ವ್ಯಾಪಾರದಲ್ಲಿ ಬೇಸಿಸ್ ಎಂದು ಹೆಸರು.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಂದರಿನಲ್ಲಿ ಒಂದು ಬುಶೆಲ್ (ಸುಮಾರು 25 ಕಿಲೋ) ಮೆಕ್ಕೆಜೋಳಕ್ಕೆ 5 ಡಾಲರ್ ಇದ್ದು, ಊರಿನಿಂದ ಅಲ್ಲಿಗೆ ಸಾಗಿಸಲು 1 ಡಾಲರ್ ಬಿದ್ದರೆ, ರೈತನಿಗೆ 4 ಡಾಲರಿಗಿಂತ ಹೆಚ್ಚು ಸಿಗುವಂತಿಲ್ಲ. ರೈಲು ದರ 20 ಸೆಂಟ್ ಏರಿದರೆ ಬಂದರಿನ ಬೆಲೆ ಕದಲುವುದಿಲ್ಲ, ರೈತನ ಕೈಗೆ ಬರುವ ಹಣ 20 ಸೆಂಟ್ ಇಳಿಯುತ್ತದೆ. ದರ ಏರದೆ ರೈಲು ಮೂರು ವಾರ ತಡವಾದರೂ ಪರಿಣಾಮ ಬೇರೆಯಲ್ಲ. ಎಲಿವೇಟರ್ ತುಂಬಿ ನಿಂತಾಗ ಹೊಸ ಧಾನ್ಯ ಕೊಳ್ಳುವುದು ಅದಕ್ಕೆ ಬೇಕಿರುವುದಿಲ್ಲ, ಆದ್ದರಿಂದ ಹೇಳುವ ಬೆಲೆಯನ್ನು ಇಳಿಸುತ್ತದೆ. ರೈಲು ಸೇವೆಯ ಪ್ರತಿಯೊಂದು ಕುಂದೂ ಕೊನೆಗೆ ರೈತನ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ದೂರದ ಕಂಪನಿ ವಿಲೀನವೊಂದನ್ನು ಈ ಊರುಗಳು ಇಷ್ಟು ಸೂಕ್ಷ್ಮವಾಗಿ ಗಮನಿಸುವುದು ಇದೇ ಕಾರಣಕ್ಕೆ.

ಇಲ್ಲಿ ನಮ್ಮ ಓದುಗರು ನೆನಪಿಡಬೇಕಾದ ಒಂದು ವ್ಯತ್ಯಾಸವಿದೆ. ಅಮೆರಿಕದ ಸರಕು ರೈಲುಗಳಷ್ಟೇ ಅಲ್ಲ, ಅವು ಓಡುವ ಹಳಿಯೂ ಖಾಸಗಿ ಕಂಪನಿಯ ಸ್ವತ್ತು. ಸಾರ್ವಜನಿಕ ರಸ್ತೆಯಲ್ಲಿ ಯಾವ ಲಾರಿಯಾದರೂ ಓಡಬಹುದು. ಒಂದು ಕಂಪನಿಯ ಹಳಿಯ ಮೇಲೆ ಇನ್ನೊಂದು ಕಂಪನಿಯ ರೈಲು ಬರಬೇಕಾದರೆ ಒಪ್ಪಂದ ಬೇಕು, ಇಲ್ಲವೇ ಮಂಡಳಿಯ ಆದೇಶ ಬೇಕು. ಆದ್ದರಿಂದ ಒಂದೇ ಕಂಪನಿಯ ಹಳಿಯಿರುವ ಊರಿನ ಎಲಿವೇಟರ್, ಆ ಕಂಪನಿ ಹೇಳಿದ ದರಕ್ಕೆ ಕಟ್ಟುಬಿದ್ದಿರುತ್ತದೆ.

ನಿಯಂತ್ರಣದ ಏರಿಳಿತ

ಈ ಅಸಮಾನತೆ ರೈತರಿಗೆ ಬಹಳ ಬೇಗ ಅರಿವಾಗಿತ್ತು. 1867ರಲ್ಲಿ ಸ್ಥಾಪನೆಯಾದ ಗ್ರೇಂಜ್ ಎಂಬ ರೈತ ಸಂಘಟನೆ 1870ರ ದಶಕದಲ್ಲಿ ಹಲವು ರಾಜ್ಯಗಳಿಂದ ರೈಲು ಮತ್ತು ಎಲಿವೇಟರ್ ದರಗಳಿಗೆ ಮಿತಿ ಹಾಕುವ ಕಾನೂನುಗಳನ್ನು ತರಿಸಿತು. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ಖಾಸಗಿ ಉದ್ಯಮವನ್ನು ಸರ್ಕಾರ ನಿಯಂತ್ರಿಸಬಹುದೆಂದು ಸುಪ್ರೀಂ ಕೋರ್ಟ್ 1877ರ ಮನ್ ವಿರುದ್ಧ ಇಲಿನಾಯ್ ಪ್ರಕರಣದಲ್ಲಿ ಒಪ್ಪಿತು. ಅದು ಧಾನ್ಯದ ಉಗ್ರಾಣದ ದರವನ್ನೇ ಕುರಿತ ಮೊಕದ್ದಮೆ. ಹತ್ತು ವರ್ಷಗಳ ನಂತರ, 1887ರಲ್ಲಿ, ಕೇಂದ್ರ ಮಟ್ಟದ ಅಂತರರಾಜ್ಯ ವಾಣಿಜ್ಯ ಆಯೋಗ ಬಂದಿತು.

ಈ ನಿಯಂತ್ರಣ ಸುಮಾರು ಒಂದು ಶತಮಾನ ನಡೆದು, ಕಡೆಗೆ ತಾನೇ ಒಂದು ಸಮಸ್ಯೆಯಾಯಿತು. ಹೆದ್ದಾರಿ ಮತ್ತು ಲಾರಿಗಳ ಪೈಪೋಟಿ ಏರುತ್ತಿದ್ದರೂ ರೈಲು ಕಂಪನಿಗಳು ದರ ಬದಲಿಸಲು, ನಷ್ಟದ ಕವಲು ಮಾರ್ಗ ಮುಚ್ಚಲು ವರ್ಷಗಟ್ಟಲೆ ಅನುಮತಿಗೆ ಕಾಯಬೇಕಿತ್ತು. ಸುಮಾರು 7,000 ಮೈಲಿ ಜಾಲದ ರಾಕ್ ಐಲ್ಯಾಂಡ್ ಕಂಪನಿ 1980ರ ಮಾರ್ಚ್‌ನಲ್ಲಿ ಓಡಾಟ ನಿಲ್ಲಿಸಿತು. ಮಿಲ್ವಾಕಿ ರೋಡ್ ಕಂಪನಿ ಅದೇ ವರ್ಷ ಮೊಂಟಾನಾದ ಮೂಲಕ ಪೆಸಿಫಿಕ್ ಕರಾವಳಿಗೆ ಹೋಗುತ್ತಿದ್ದ ತನ್ನ ಮಾರ್ಗವನ್ನು ಕೈಬಿಟ್ಟಿತು. ಆ ಮಾರ್ಗಕ್ಕಾಗಿಯೇ ಹುಟ್ಟಿದ್ದ ಎಷ್ಟೋ ಊರುಗಳಿಗೆ ಉಳಿದದ್ದು ಹಳಿ ಕಿತ್ತ ಜಲ್ಲಿ ದಿಬ್ಬ ಮಾತ್ರ.

1980ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಸ್ಟ್ಯಾಗರ್ಸ್ ಕಾಯಿದೆ ಈ ಕಟ್ಟನ್ನು ಸಡಿಲಿಸಿತು. ಕಂಪನಿಗಳು ಲಾಭಕ್ಕೆ ಮರಳಿದವು, ಹಳಿ ಸುಧಾರಿಸಿತು, ಹಣದುಬ್ಬರ ಕಳೆದು ನೋಡಿದರೆ ಸರಾಸರಿ ಸಾಗಣೆ ದರ ಮುಂದಿನ ಎರಡು ದಶಕ ಗಣನೀಯವಾಗಿ ಇಳಿಯಿತು. ಈ ಫಲವನ್ನು ಅಲ್ಲಗಳೆಯಲಾಗದು. ಜೊತೆಗೇ ವಿಲೀನಗಳ ಸರಣಿ ನಡೆಯಿತು. 1980ರಲ್ಲಿ ಸುಮಾರು 40 ಇದ್ದ ಮೊದಲ ದರ್ಜೆಯ, ಅಂದರೆ ಆದಾಯದಲ್ಲಿ ಅತಿ ದೊಡ್ಡ, ರೈಲು ಕಂಪನಿಗಳು ಈಗ ಆರಕ್ಕೆ ಇಳಿದಿವೆ. 1916ರ ಹೊತ್ತಿಗೆ 2,54,000 ಮೈಲಿಯಷ್ಟಿದ್ದ ದೇಶದ ರೈಲು ಮಾರ್ಗ ಇಂದು ಸುಮಾರು 1,40,000 ಮೈಲಿ.

ಕಂಪನಿಗಳು ದೊಡ್ಡದಾದಂತೆ ಧಾನ್ಯದ ರೈಲೂ ಉದ್ದವಾಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವ್ಯಾಗನ್‌ಗಳನ್ನು ಒಂದೇ ಕಡೆ, ಕೆಲವೇ ಗಂಟೆಗಳಲ್ಲಿ ತುಂಬಿ ಒಂದೇ ಗುರಿಗೆ ಕಳುಹಿಸುವ ಶಟಲ್ ರೈಲಿಗೆ ಕಡಿಮೆ ದರ ಸಿಗುತ್ತದೆ. ಒಂದು ವ್ಯಾಗನ್ ಸುಮಾರು ನೂರು ಟನ್ ಹೊರುತ್ತದೆ. ಅಷ್ಟು ವ್ಯಾಗನ್ ನಿಲ್ಲಿಸುವ ಉದ್ದನೆಯ ವೃತ್ತಾಕಾರದ ಹಳಿಯನ್ನೂ ವೇಗವಾಗಿ ತುಂಬುವ ಯಂತ್ರವನ್ನೂ ಹಾಕಲು ಸಣ್ಣ ಊರಿನ ಸಹಕಾರಿ ಎಲಿವೇಟರ್‌ಗೆ ಬಂಡವಾಳವಿಲ್ಲ. ಹಾಗಾಗಿ ಧಾನ್ಯ ತನ್ನ ಊರಿನ ಹಳಿಯನ್ನು ಬಿಟ್ಟು, ಲಾರಿಯಲ್ಲಿ ಮೂವತ್ತು ನಲವತ್ತು ಮೈಲಿ ದೂರದ ದೊಡ್ಡ ಎಲಿವೇಟರ್‌ಗೆ ಹೋಗತೊಡಗಿತು. ಆ ಲಾರಿಗಳ ಭಾರಕ್ಕೆ ಕಿತ್ತುಹೋಗುವ ರಸ್ತೆಗಳ ದುರಸ್ತಿ ಮಾತ್ರ ಕೌಂಟಿ ಎಂಬ ಸ್ಥಳೀಯ ಆಡಳಿತದ ತೆರಿಗೆದಾರರ ಪಾಲಿಗೆ ಬಂತು.

ವಿಲೀನದ ಪರವಾಗಿರುವ ವಾದ

ಕಂಪನಿಗಳ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಂದು ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಸರಕು ಷಿಕಾಗೊ, ಸೇಂಟ್ ಲೂಯಿಸ್, ಮೆಂಫಿಸ್‌ನಂಥ ಕಡೆ ಒಂದು ಕಂಪನಿಯಿಂದ ಇನ್ನೊಂದರ ಕೈಗೆ ಬದಲಾಗಬೇಕು. ಈ ಕೈಬದಲಿಗೆ ಒಂದೆರಡು ದಿನ ಹಿಡಿಯುತ್ತದೆ, ತಡವಾದರೆ ಹೊಣೆ ಯಾರದೆಂಬುದು ತೀರ್ಮಾನವಾಗುವುದಿಲ್ಲ. ಮಿಸಿಸಿಪಿಯ ಎರಡೂ ದಡಗಳ ಹತ್ತಿರದ ಊರುಗಳ ನಡುವಿನ ಸಾಗಣೆಯಲ್ಲಿ ತೊಡಕು ಇನ್ನೂ ಹೆಚ್ಚು. ಎರಡು ಜಾಲಗಳ ಗಡಿ ದಾಟುವ ಇಷ್ಟು ಕಡಿಮೆ ದೂರದ ಸರಕಿನಲ್ಲಿ ಎರಡು ಕಂಪನಿಗಳು ಆದಾಯ ಹಂಚಿಕೊಂಡರೆ ಇಬ್ಬರಿಗೂ ಸಾಲುವುದಿಲ್ಲ, ಆದ್ದರಿಂದ ಆ ಸರಕು ಲಾರಿ ಹತ್ತುತ್ತದೆ. ಒಂದಾದ ಕಂಪನಿಯ ಜಾಲ 43 ರಾಜ್ಯಗಳಲ್ಲಿ 50,000 ಮೈಲಿಗಿಂತ ಹೆಚ್ಚಿರುತ್ತದೆ, ಕರಾವಳಿಯಿಂದ ಕರಾವಳಿಗೆ ಒಂದೇ ಕಂಪನಿಯ ರೈಲು ಓಡುತ್ತದೆ, ಲಾರಿಯಿಂದ ಸರಕು ರೈಲಿಗೆ ಮರಳುತ್ತದೆ ಎಂಬುದು ಅವರ ನಿಲುವು.

ಧಾನ್ಯದ ಮಟ್ಟಿಗೆ ಇದಕ್ಕೊಂದು ನೇರ ಅರ್ಥವಿದೆ. ಜಾರ್ಜಿಯ, ಅಲಬಾಮ, ಉತ್ತರ ಕೆರೊಲಿನಾಗಳ ಕೋಳಿ ಸಾಕಣೆ ಉದ್ಯಮಕ್ಕೆ ಭಾರಿ ಪ್ರಮಾಣದ ಮೆಕ್ಕೆಜೋಳ ಬೇಕು, ಅದರ ದೊಡ್ಡ ಪಾಲು ಇಂದು ಒಹಾಯೊ, ಇಂಡಿಯಾನಾ, ಇಲಿನಾಯ್‌ಗಳಿಂದ ಪೂರ್ವದ ರೈಲುಗಳಲ್ಲಿ ಹೋಗುತ್ತದೆ. ನೆಬ್ರಾಸ್ಕದ ಮೆಕ್ಕೆಜೋಳ ಒಂದೇ ರೈಲಿನಲ್ಲಿ ಅಲ್ಲಿಗೆ ತಲುಪುವಂತಾದರೆ ಪಶ್ಚಿಮದ ರೈತನಿಗೆ ಹೊಸ ಕೊಳ್ಳುಗ ಸಿಗುತ್ತಾನೆ. ಅದೇ ಕಾರಣಕ್ಕೆ ಪೂರ್ವದ ರೈತನ ನೆಲೆಯಾದ ಮಾರುಕಟ್ಟೆಯಲ್ಲಿ ಪೈಪೋಟಿ ಏರುತ್ತದೆ. ರೈತರೆಲ್ಲರಿಗೂ ಒಂದೇ ಹಿತವಿದೆ ಎಂದು ಭಾವಿಸಿ ಈ ಚರ್ಚೆಯನ್ನು ನೋಡಿದರೆ ದಾರಿ ತಪ್ಪುತ್ತೇವೆ.

ವಿರೋಧದ ವಾದ, ಮತ್ತು ಅದರ ಬಲ

ಎರಡು ಕಂಪನಿಗಳ ಹಳಿಗಳು ಒಂದರ ಪಕ್ಕ ಒಂದು ಇಲ್ಲದಿರುವುದರಿಂದ ಪೈಪೋಟಿ ಕುಗ್ಗುವುದಿಲ್ಲ ಎಂಬುದು ಮೇಲುನೋಟಕ್ಕೆ ಸರಿ. ವಿರೋಧಿಗಳು ನೋಡುತ್ತಿರುವುದು ಷಿಕಾಗೊದಂಥ ಕೈಬದಲಿನ ಜಾಗವನ್ನು. ಇಂದು ಯೂನಿಯನ್ ಪೆಸಿಫಿಕ್ ಹಳಿಯ ಮೇಲಿನ ಎಲಿವೇಟರ್ ಕಳುಹಿಸಿದ ಧಾನ್ಯವನ್ನು ಷಿಕಾಗೊದಿಂದಾಚೆ ಒಯ್ಯಲು ನಾರ್ಫೋಕ್ ಸದರ್ನ್ ಮತ್ತು ಪೂರ್ವದ ಇನ್ನೊಂದು ದೊಡ್ಡ ರೈಲು ಕಂಪನಿಯಾದ ಸಿಎಸ್‌ಎಕ್ಸ್ ಎರಡೂ ಸ್ಪರ್ಧಿಸಬಹುದು. ವಿಲೀನದ ನಂತರ ಕಂಪನಿಗೆ ತನ್ನದೇ ಪೂರ್ವದ ಹಳಿ ಇರುವಾಗ, ಸಿಎಸ್‌ಎಕ್ಸ್‌ಗೆ ಸರಕು ಒಪ್ಪಿಸುವ ಮಾರ್ಗಕ್ಕೆ ಹೆಚ್ಚು ದರ ಹೇಳಿ ಅದನ್ನು ಹೆಸರಿಗಷ್ಟೇ ತೆರೆದಿಡಬಹುದು. ಇಂಥ ಸಂಪರ್ಕಗಳನ್ನು ಮುಚ್ಚುವುದಿಲ್ಲ ಎಂದು ಕಂಪನಿಗಳು ಹೇಳಿವೆ. ಆದರೆ ಮಾರ್ಗ ತೆರೆದಿರುವುದೂ, ಆ ಮಾರ್ಗದ ದರ ಕೈಗೆಟುಕುವುದೂ ಬೇರೆ ಬೇರೆ ವಿಷಯಗಳು. ಭರವಸೆಯ ಬೆಲೆ ದರದ ಷರತ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಆತಂಕ ಮುಂದಿನ ಹೆಜ್ಜೆಯದು. ಒಂದು ಕರಾವಳಿಯಿಂದ ಇನ್ನೊಂದಕ್ಕೆ ಒಂದೇ ಕಂಪನಿ ಓಡತೊಡಗಿದರೆ, ಪಶ್ಚಿಮದ ಬಿಎನ್‌ಎಸ್‌ಎಫ್ ಮತ್ತು ಪೂರ್ವದ ಸಿಎಸ್‌ಎಕ್ಸ್ ಕೂಡ ಒಂದಾಗುವ ಒತ್ತಡಕ್ಕೆ ಸಿಲುಕುತ್ತವೆ. ಆಗ ದೇಶದ ಸರಕು ರೈಲಿನ ಬಹುಭಾಗ ಎರಡೇ ಕಂಪನಿಗಳ ಕೈಯಲ್ಲಿರುತ್ತದೆ.

ಮೂರನೆಯದು ಅನುಭವದಿಂದ ಬಂದ ಭಯ. ಯೂನಿಯನ್ ಪೆಸಿಫಿಕ್ 1996ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯನ್ನು ನುಂಗಿತು. 1997ರ ಬೇಸಿಗೆಯಲ್ಲಿ ಹ್ಯೂಸ್ಟನ್ ಸುತ್ತಲಿನ, ವ್ಯಾಗನ್‌ಗಳನ್ನು ವಿಂಗಡಿಸುವ ಯಾರ್ಡ್‌ಗಳು ಕಟ್ಟಿಕೊಂಡು, ಆ ದಟ್ಟಣೆ ಪಶ್ಚಿಮದಾದ್ಯಂತ ಹರಡಿ, ಅದೇ ವರ್ಷದ ಸುಗ್ಗಿಯಲ್ಲಿ ವ್ಯಾಗನ್ ಸಿಗದೆ ಧಾನ್ಯ ನೆಲದ ಮೇಲೆ ರಾಶಿ ಬಿದ್ದಿತು. ಮಂಡಳಿ ಅಕ್ಟೋಬರ್ ಕೊನೆಯಲ್ಲಿ ತುರ್ತು ಆದೇಶ ಹೊರಡಿಸಬೇಕಾಯಿತು, ಪರಿಸ್ಥಿತಿ ತಹಬಂದಿಗೆ ಬಂದದ್ದು 1998ರಲ್ಲಿ. ಈ ಅನುಭವದ ನಂತರವೇ ಮಂಡಳಿ 2001ರಲ್ಲಿ ನಿಯಮ ಬಿಗಿಗೊಳಿಸಿ, ದೊಡ್ಡ ವಿಲೀನ ಪೈಪೋಟಿಗೆ ಹಾನಿ ಮಾಡದಿದ್ದರೆ ಸಾಲದು, ಅದನ್ನು ಹೆಚ್ಚಿಸಬೇಕು ಎಂದಿತು. ಒಂದು ವಿಲೀನದ ಹಿಂದೆ ಬರಬಹುದಾದ ಇತರ ವಿಲೀನಗಳ ಪರಿಣಾಮವನ್ನೂ ಲೆಕ್ಕ ಹಾಕಬೇಕೆಂದಿತು. 2023ರಲ್ಲಿ ಕೆನೇಡಿಯನ್ ಪೆಸಿಫಿಕ್ ಮತ್ತು ಕನ್ಸಾಸ್ ಸಿಟಿ ಸದರ್ನ್ ಒಂದಾದದ್ದು ವಿನಾಯಿತಿ ಪಡೆದು, ಹಳೆಯ ನಿಯಮದಡಿ. ಹಾಗಾಗಿ ಹೊಸ ನಿಯಮದ ನಿಜವಾದ ಪರೀಕ್ಷೆ ಈಗಿನದೇ.

ದೂರು ಕೊಟ್ಟು ದರ ಇಳಿಸಿಕೊಳ್ಳುವ ದಾರಿ ಇಲ್ಲವೇ ಎಂಬ ಪ್ರಶ್ನೆ ಸಹಜ. ಕಾಗದದ ಮೇಲೆ ಇದೆ. ಆದರೆ ರೈಲು ಕಂಪನಿಯ ಚರ ವೆಚ್ಚದ (ಸಾಗಿಸುವ ಸರಕಿನ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವ ವೆಚ್ಚ) 180 ಪ್ರತಿಶತಕ್ಕಿಂತ ಕೆಳಗಿರುವ ದರದ ಬಗ್ಗೆ ಮಂಡಳಿಗೆ ಅಧಿಕಾರವೇ ಇಲ್ಲ, ಅದಕ್ಕಿಂತ ಮೇಲಿದ್ದರೂ ದರ ಅನ್ಯಾಯವೆಂದು ಸಾಬೀತುಪಡಿಸುವುದು ದುಬಾರಿ ಹೋರಾಟ. ಮೊಂಟಾನಾದ ಗೋಧಿ ಬೆಳೆಗಾರರು ಬರ್ಲಿಂಗ್ಟನ್ ನಾರ್ದರ್ನ್ ವಿರುದ್ಧ 1980ರಲ್ಲಿ ಹೂಡಿದ ದಾವೆ 1997ರವರೆಗೆ ಎಳೆದು ಅವರ ವಿರುದ್ಧವೇ ಮುಗಿಯಿತು. ಹತ್ತಿರದ ಇನ್ನೊಂದು ಕಂಪನಿಯ ಹಳಿಗೆ ಸರಕು ದಾಟಿಸಬೇಕೆಂದು, ಸೇವೆ ಕೆಟ್ಟಾಗ, ಆದೇಶಿಸಲು ಅವಕಾಶ ಕೊಡುವ ನಿಯಮವನ್ನು ಮಂಡಳಿ 2024ರಲ್ಲಿ ತಂದಿತ್ತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ವಿಲೀನದ ಘೋಷಣೆ ಬಂದದ್ದೂ ಅದೇ ತಿಂಗಳಲ್ಲಿ.

ಊರಿಗೆ ಏನಾಗಬಹುದು?

ವಿಲೀನವಾದ ಮರುದಿನವೇ ಊರಿನ ಹಳಿ ಕೀಳುತ್ತಾರೆ ಎಂಬ ಭಯಕ್ಕೆ ಆಧಾರ ಕಡಿಮೆ. ಮುಚ್ಚಬೇಕಾದ ಕವಲು ಮಾರ್ಗಗಳಲ್ಲಿ ಹೆಚ್ಚಿನವು 1980 ಮತ್ತು 90ರ ದಶಕಗಳಲ್ಲೇ ಮುಚ್ಚಿವೆ ಅಥವಾ ಶಾರ್ಟ್‌ಲೈನ್ ಎಂದು ಕರೆಯುವ ಸಣ್ಣ ಕಂಪನಿಗಳ ಕೈ ಸೇರಿವೆ. ದೇಶದಲ್ಲಿ ಇಂಥ ಸುಮಾರು 600 ಕಂಪನಿಗಳಿವೆ. ನಿಜವಾದ ಅಪಾಯ ನಿಧಾನದ್ದು. ಕರಾವಳಿಯಿಂದ ಕರಾವಳಿಗೆ ಓಡುವ ಕಂಟೇನರ್ ರೈಲಿನಲ್ಲಿ ಹೆಚ್ಚು ಬೆಳವಣಿಗೆ ಕಂಡರೆ ಕಂಪನಿಯ ಹೂಡಿಕೆ, ಎಂಜಿನ್ನುಗಳು, ಸಿಬ್ಬಂದಿ ಆ ಮುಖ್ಯ ಮಾರ್ಗದ ಕಡೆ ಸರಿಯುತ್ತವೆ. ವರ್ಷದಲ್ಲಿ ಕೆಲವೇ ತಿಂಗಳು ಬೇಡಿಕೆಯಿರುವ ಧಾನ್ಯದ ವ್ಯಾಗನ್‌ಗೆ ಸರದಿ ಹಿಂದಾಗುತ್ತದೆ. ಇಪ್ಪತ್ತೈದು ವ್ಯಾಗನ್ ತುಂಬುವ ಎಲಿವೇಟರ್‌ಗೆ ಸೇವೆ ವಾರಕ್ಕೆರಡು ಸಲದಿಂದ ಒಂದಕ್ಕೆ ಇಳಿದರೆ, ಬೆಲೆಫಲಕದಲ್ಲಿ ಅದು ಕೆಲವು ಸೆಂಟಾಗಿ ಕಾಣುತ್ತದೆ. ಅಂಥ ವ್ಯತ್ಯಾಸಕ್ಕೇ ರೈತ ಲಾರಿಯನ್ನು ದೂರದ ದೊಡ್ಡ ಎಲಿವೇಟರ್ ಕಡೆ ತಿರುಗಿಸಬಹುದು. ಸಹಕಾರಿಯ ವ್ಯವಹಾರ ಕುಗ್ಗಿದರೆ ಅದು ಮಾರುತ್ತಿದ್ದ ಗೊಬ್ಬರ, ಡೀಸೆಲ್, ಬೀಜದ ವ್ಯಾಪಾರವೂ ಊರಿನಿಂದ ಜಾರುತ್ತದೆ, ಶಾಲೆಗೆ ಹೋಗುವ ಆಸ್ತಿ ತೆರಿಗೆಯ ಬುಡವೂ ಅದರ ಹಿಂದೆಯೇ ಸವೆಯುತ್ತದೆ.

ಈ ಪೆಟ್ಟು ಎಲ್ಲ ಊರುಗಳಿಗೂ ಸಮನಾಗಿ ಬೀಳುವುದಿಲ್ಲ. ಅಯೊವಾದ ಪೂರ್ವ ಭಾಗದ ಊರಿಗೆ ಮಿಸಿಸಿಪಿಯ ದೋಣಿ ಸಾಗಣೆ ಲಾರಿಯ ಅಳತೆಯಲ್ಲಿದೆ. ಎಥನಾಲ್ ಕಾರ್ಖಾನೆ ಅಥವಾ ದನ ಮೇಯಿಸುವ ಫೀಡ್‌ಲಾಟ್ ಹತ್ತಿರವಿರುವ ಊರಿನಲ್ಲಿ ಮೆಕ್ಕೆಜೋಳ ರೈಲು ಹತ್ತಬೇಕಾಗಿಯೇ ಇಲ್ಲ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಥನಾಲ್‌ಗೆ ಹೋಗುತ್ತದೆ. ಗೋಧಿಗೆ ಈ ಅನುಕೂಲವಿಲ್ಲ. ಪಶ್ಚಿಮ ಕನ್ಸಾಸ್, ಮೊಂಟಾನಾದಂಥ ಕಡೆಯ ಗೋಧಿ ನೂರಾರು ಮೈಲಿ ದೂರದ ಬಂದರಿಗೆ ಹೋಗಬೇಕು, ನದಿ ಹತ್ತಿರವಿಲ್ಲ, ಅಷ್ಟು ದೂರ ಲಾರಿಯಲ್ಲಿ ಹೊತ್ತರೆ ಗಿಟ್ಟುವುದಿಲ್ಲ. ಹಾಗಾಗಿ ವಿಲೀನದ ಲೆಕ್ಕದಲ್ಲಿ ರೈಲು ಕಂಪನಿಗಳು ಎಷ್ಟು ಉಳಿದವು ಎಂಬುದಕ್ಕಿಂತ, ಇಂತಿಂಥ ಊರಿನ ಧಾನ್ಯಕ್ಕೆ ಹೊರಹೋಗಲು ಎರಡನೆಯ ದಾರಿ ಇದೆಯೇ ಎಂಬುದನ್ನು ಕೇಳಬೇಕು.

ಷರತ್ತುಗಳಲ್ಲಿ ಗಮನಿಸಬೇಕಾದದ್ದು

ಮಂಡಳಿ ಒಪ್ಪಿಗೆ ಕೊಡುವುದಾದರೆ ಷರತ್ತುಗಳೊಂದಿಗೇ ಕೊಡುತ್ತದೆ. ಧಾನ್ಯದ ಊರುಗಳಿಗೆ ಅವುಗಳಲ್ಲಿ ಮೂರು ಮುಖ್ಯ. ಕೈಬದಲಿನ ಮಾರ್ಗಗಳಿಗೆ ಅಳೆಯಬಹುದಾದ ದರದ ಮಿತಿ ಇದೆಯೇ? ಒಂದೇ ಹಳಿಗೆ ಕಟ್ಟುಬಿದ್ದ ಎಲಿವೇಟರ್‌ಗೆ ಹತ್ತಿರದ ಇನ್ನೊಂದು ಕಂಪನಿಯನ್ನು ತಲುಪುವ ಹಕ್ಕು ಸಿಗುತ್ತದೆಯೇ? ಶಾರ್ಟ್‌ಲೈನ್‌ಗಳು ತಮಗೆ ಬೇಕಾದ ದೊಡ್ಡ ಕಂಪನಿಗೆ ವ್ಯಾಗನ್ ಒಪ್ಪಿಸಲು ಈಗ ಕೆಲವೆಡೆ ಒಪ್ಪಂದಗಳಲ್ಲೇ ಅಡ್ಡಿಯಿದೆ, ಅದನ್ನು ತೆಗೆಯುತ್ತಾರೆಯೇ? ಇವುಗಳಿಗೆ ಸ್ಪಷ್ಟ ಉತ್ತರ ಬಂದರೆ ವಿಲೀನ ಪಶ್ಚಿಮದ ಬೆಳೆಗಾರನಿಗೆ ಅನುಕೂಲವೂ ಆಗಬಹುದು. ಬರದಿದ್ದರೆ ಲಾಭ ಕಂಟೇನರ್ ಸಾಗಿಸುವವರಿಗೆ, ಹೊರೆ ಧಾನ್ಯದವರಿಗೆ ಎಂಬಂತಾಗುತ್ತದೆ.

ಷರತ್ತು ಎಷ್ಟು ಕಾಲ ಬಾಳುತ್ತದೆ ಎಂಬುದೂ ಅಷ್ಟೇ ಮುಖ್ಯ. 1996ರ ವಿಲೀನಕ್ಕೆ ಮಂಡಳಿ ಇಟ್ಟ ಉಸ್ತುವಾರಿ ಐದು ವರ್ಷದ್ದು, 2023ರ ವಿಲೀನಕ್ಕೆ ಏಳು ವರ್ಷದ್ದು. ಶಟಲ್ ರೈಲಿಗಾಗಿ ಹಳಿ ಹಾಕಿಸಲು ಸಾಲ ಎತ್ತುವ ಸಹಕಾರ ಸಂಘವೊಂದು ಅದನ್ನು ತೀರಿಸುವುದು ಇಷ್ಟು ವರ್ಷಗಳಲ್ಲಿ ಅಲ್ಲ. ಉಸ್ತುವಾರಿ ಮುಗಿದ ಮೇಲಿನ ದರ ಏನಿರುತ್ತದೆ ಎಂದು ತಿಳಿಯದೆ ಬ್ಯಾಂಕು ಸಾಲ ಕೊಡುವುದೂ ಕಷ್ಟ, ಸಂಘದ ಸದಸ್ಯರಾದ ರೈತರು ಅದಕ್ಕೆ ಒಪ್ಪುವುದೂ ಕಷ್ಟ. ಆದ್ದರಿಂದ ದರದ ಷರತ್ತುಗಳನ್ನಾದರೂ ಉಸ್ತುವಾರಿಯ ಅವಧಿಗೆ ಕಟ್ಟದೆ, ಆ ಊರಿಗೆ ಎರಡನೆಯ ಕಂಪನಿಯ ದಾರಿ ಸಿಗುವವರೆಗೂ ನಿಲ್ಲುವಂತೆ ಬರೆಯಬೇಕು.